ಬೀಗದವನ ಗುಟ್ಟಿನ ಮಾತ್ರೆ

ಕಂಡವರ ಮನೆಯ ಬೀಗಗಳನ್ನೆಲ್ಲ ಕಣ್ಣುಮುಚ್ಚಿ ತೆಗೆಯುತ್ತಿದ್ದ ಬೀಗದವನಿಗೆ ತನ್ನ ಬಾಯಿಗೆ ಬಿದ್ದ ಬೀಗ ತೆಗೆಯಲು ನಲವತ್ತು ದಿನ ಹಿಡಿಯಿತು. ಅಷ್ಟರಲ್ಲಿ ಅವನ ಪ್ಯಾಂಟು ಬೆಲ್ಟಿನ ಕೊನೆಯ ತೂತಿಗೂ ನಿಲ್ಲದಷ್ಟು ಸಡಿಲವಾಗಿತ್ತು.

ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿರಲಿಲ್ಲ. ತೊಂದರೆ ಹೆಂಡತಿಯಲ್ಲಿರಲಿಲ್ಲ. ಎಲ್ಲಿತ್ತು ಎಂಬುದನ್ನು ಬೀಗದವನು ಯಾರಿಗೂ ಹೇಳುವ ಹಾಗಿರಲಿಲ್ಲ. (ಹೇಳದಿದ್ದರೂ ಗೊತ್ತಿರಬೇಕಾದ ಒಬ್ಬಳಿಗೆ ಗೊತ್ತೇ ಇತ್ತು, ಅವಳು ಸುಮ್ಮನಿದ್ದಳು, ಅಷ್ಟೆ.) ಕೊನೆಗೆ ಧೈರ್ಯ ಮಾಡಿ ಡಾಕ್ಟರ ಬಳಿ ಹೋದ. ಡಾಕ್ಟರು ಬಿಪಿ ನೋಡಿದರು, ಸಕ್ಕರೆ ನೋಡಿದರು, ಎದೆನೋವಿಗೆ ಏನಾದರೂ ಔಷಧಿ ತೆಗೆದುಕೊಳ್ಳುತ್ತೀಯಾ ಎಂದು ಎರಡೆರಡು ಸಲ ಕೇಳಿ, ಇಲ್ಲವೆಂದ ಮೇಲೆ ಮಾತ್ರೆ ಬರೆದುಕೊಟ್ಟರು. ಅದನ್ನು ಕೊಳ್ಳಲು ಅವನು ಮೂರು ಬಸ್ ಸ್ಟಾಪು ದಾಟಿ, ಗುರುತಿನವರಿಲ್ಲವೆಂದುಕೊಂಡ ಔಷಧಿ ಅಂಗಡಿಗೆ ಹೋದ. ಅಲ್ಲಿ ಕೌಂಟರಿನ ಹಿಂದಿನಿಂದ, ಹೋದ ವಾರ ಅವನ ಅಂಗಡಿಗೆ ತಂದು ರಿಪೇರಿ ಮಾಡಿಸಿಕೊಂಡಿದ್ದ ಶಟರ್ ಬೀಗ ಮತ್ತೆ ಕೈಕೊಟ್ಟಿದೆ ಎಂದು ಮಾಲೀಕ ಕೂಗಿದಾಗ ಅವನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮನೆಗೆ ಬಂದು ಮಾತ್ರೆಗಳನ್ನು ಒಂದು ಕಬ್ಬಿಣದ ಡಬ್ಬಿಗೆ ಹಾಕಿ, ತನ್ನಲ್ಲಿದ್ದ ಅತ್ಯುತ್ತಮ ಬೀಗ ಜಡಿದು, ಅಟ್ಟದ ಮೇಲೆ ಕೀಲಿ ಉಜ್ಜುವ ಹಳೆಯ ಅರಗಳ ಹಿಂದೆ ಇಟ್ಟ.

ಮಾತ್ರೆ ಶುರುಮಾಡಿದ ಐದನೆಯ ತಿಂಗಳಿಗೆ ಹೆಂಡತಿ ಬಸುರಿಯಾದಳು. ಬೀಗದವನು ಬೀಗಿದ. ಕಡಲೆಕಾಳಿನಷ್ಟೂ ಇಲ್ಲದ ಜೀವ ನಾಳೆಯೇ ಎದ್ದು ಓಡಾಡುತ್ತದೆ ಎಂಬಂತೆ, ಮಗುವಿನ ಕೈಗೆ ಎಟುಕಬಾರದೆಂದು ಮನೆಯ ಚಿಲಕಗಳನ್ನೆಲ್ಲ ಕಿತ್ತು ಬಾಗಿಲ ಮೇಲ್ತುದಿಗೆ ಬಡಿದ. ಹೆಂಡತಿ ನಕ್ಕು, ಮಗು ಹುಟ್ಟುವವರೆಗೆ ಈ ಚಿಲಕಗಳನ್ನು ತೆಗೆಯಬೇಕಾದ ನಾನೊಬ್ಬಳು ಈ ಮನೆಯಲ್ಲಿ ಇರುತ್ತೇನೆ ಎಂದು ನೆನಪಿಸಿದಳು.

ಹತ್ತನೆಯ ವಾರದಲ್ಲಿ ಬಸಿರು ನಿಲ್ಲಲಿಲ್ಲ.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ, ಅವಳು ಮಲಗಿದ್ದಾಗ, ಅವನು ಡಬ್ಬಿ ಇಳಿಸಿ ಮಾತ್ರೆಯ ಜೊತೆಗಿದ್ದ ಚೀಟಿ ಬಿಡಿಸಿದ. ಎಂಟು ಮಡಿಕೆಯ ಆ ಮಹಾಗ್ರಂಥವನ್ನು ಕೀಲಿಯ ಹಲ್ಲು ನೋಡುವ ಭೂತಗನ್ನಡಿ ಹಿಡಿದು ಓದುತ್ತ ಹೋದ. ‘ಹೆಂಗಸರು ಸೇವಿಸತಕ್ಕದ್ದಲ್ಲ’ ಎಂಬ ಸಾಲಿಗೆ ಬಂದು ನಿಂತ. ಮುಂದೆ ಓದಲಿಲ್ಲ. ತಾನು ನುಂಗಿದ್ದು ತನ್ನ ಮೂಲಕ ಅವಳಿಗೆ ಹೋಗಿದೆ, ಅವಳಿಂದ ಮಗುವಿಗೆ ಹೋಗಿದೆ ಎಂದು ಅಲ್ಲೇ ತೀರ್ಪು ಕೊಟ್ಟುಕೊಂಡು, ಉಳಿದ ಮಾತ್ರೆಗಳನ್ನು ಪುಡಿಮಾಡಿ ಬಿಸಾಡಿದ.

ಆಮೇಲೆ ಶುರುವಾಯಿತು ಪ್ರಾಯಶ್ಚಿತ್ತ. ನೆಲ ಒರೆಸಿದ, ಪಾತ್ರೆ ತಿಕ್ಕಿದ, ಬಟ್ಟೆ ಒಗೆಯಲು ಹೋಗಿ ಅವಳ ಬಿಳಿ ರವಿಕೆಗೆ ತನ್ನ ಕೆಂಪು ಟವಲಿನ ಬಣ್ಣ ಹತ್ತಿಸಿದ. ಬೆನ್ನುನೋವೆಂದು ನೆಪ ಹೇಳಿ ಹಾಸಿಗೆಯನ್ನು ನಡುಮನೆಗೆ ಸಾಗಿಸಿದ. ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟ. ಅವಳು ಒಂದೆರಡು ಸಲ ಏನಾಯಿತೆಂದು ಕೇಳಿದಳು. ಆಮೇಲೆ ಅವಳೂ ಕೇಳುವುದನ್ನು ಬಿಟ್ಟಳು.

ತಡೆಯಲಾರದೆ ಅವನು ಮತ್ತೆ ಡಾಕ್ಟರ ಬಳಿ ಹೋಗಿ, ಕೊಲೆ ಒಪ್ಪಿಕೊಳ್ಳುವವನ ಹಾಗೆ ಎಲ್ಲ ಹೇಳಿದ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹೆಂಗಸರು ತಗೋಬಾರ್ದು ಅಂದ್ರೆ ಅವರು ನುಂಗಬಾರ್ದು ಅಂತ. ನೀನು ನುಂಗಿದ್ರಲ್ಲಿ ಅವಳಿಗೆ ಹೋಗೋದು ಇಲ್ಲ ಅನ್ನೋವಷ್ಟು. ಗಂಡ ಈ ಮಾತ್ರೆ ತಗೊಂಡಿದ್ರಿಂದ ಮಗೂಗೆ ತೊಂದರೆ ಆಗುತ್ತೆ ಅನ್ನೋಕೆ ಆಧಾರ ಸಿಕ್ಕಿಲ್ಲಪ್ಪ. ಇಷ್ಟು ಬೇಗ ಹೋಗೋ ಬಸಿರು ಹೆಚ್ಚಾಗಿ ಮೊಳಕೆಯಲ್ಲೇ ಏನೋ ಸರಿಯಾಗಿ ಕೂಡದೆ ಹೋಗಿರುತ್ತೆ. ಅದು ಯಾರ ತಪ್ಪೂ ಅಲ್ಲ.”

ಅವನು ಮೂರು ಸಲ ಅದನ್ನೇ ಕೇಳಿದ. ಡಾಕ್ಟರು ಮೂರು ಸಲವೂ ಅದನ್ನೇ ಹೇಳಿದರು.

ಅಲ್ಲಿಂದ ಬಂದವನು ಮಧ್ಯಾಹ್ನವೇ ಅಂಗಡಿ ಮುಚ್ಚಿ ಮನೆಗೆ ಹೋದ. ಹೆಂಡತಿ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನು ಎದುರು ಕೂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಭಾಷಣ ಶುರು ಮಾಡಿದ: ತಾನು ಅವಳಿಂದ ಒಂದು ಘೋರ ಸತ್ಯವನ್ನು ಮುಚ್ಚಿಟ್ಟಿರುವುದಾಗಿ, ಅಟ್ಟದ ಮೇಲಿನ ಡಬ್ಬಿಯಲ್ಲಿ...

“ಮಾತ್ರೆ,” ಅಂದಳು ಅವಳು, ತಲೆಯೆತ್ತದೆ. “ನೀಲಿದು.”

ಭಾಷಣ ಅಲ್ಲೇ ನಿಂತಿತು. ಆ ಬೀಗ ಯಾರಿಂದಲೂ ತೆಗೆಯಲಾಗದ್ದು ಎಂದು ಅವನು ತೊದಲಿದ.

“ಹೇರ್‌ಪಿನ್ನಲ್ಲಿ ತೆಗೆದೆ. ಮದುವೆಯಾದ ಹೊಸದರಲ್ಲಿ ನೀವೇ ಅಲ್ವಾ ಕಲಿಸಿದ್ದು. ಆ ಚೀಟಿ ತಗೊಂಡು ನಿಮ್ಮ ಡಾಕ್ಟ್ರ ಹತ್ರಾನೇ ಹೋಗಿ, ಬಸಿರಾದ್ರೆ ಏನೂ ಆಗಲ್ವಾ ಅಂತ ಕೇಳ್ಕೊಂಡು ಬಂದೆ. ಆಗಲೇ, ಮೊದಲನೇ ತಿಂಗಳಲ್ಲಿ.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ಅಷ್ಟು ಕಷ್ಟಪಟ್ಟು ಬಚ್ಚಿಟ್ಟಿದ್ರಿ. ಗೊತ್ತು ಅಂದ್ರೆ ನಿಮ್ಮ ಮುಖ ಸಣ್ಣದಾಗ್ತಿತ್ತು.”

ನಲವತ್ತು ದಿನ ಹೊತ್ತ ಭಾರವನ್ನು ಒಂದು ಹೇರ್‌ಪಿನ್ನು ಇಳಿಸಿಬಿಟ್ಟಿತಲ್ಲ ಎಂದು ಅವನಿಗೆ ನಗು ಬಂದಿತು. ನಕ್ಕೇಬಿಡುತ್ತಿದ್ದ. ಆದರೆ ಅವಳ ಬೆರಳುಗಳು ಅಕ್ಕಿಯಲ್ಲಿ ಆಡುವುದನ್ನು ನಿಲ್ಲಿಸಿದ್ದವು.

“ನಾನು ಬೇರೆ ಅಂದ್ಕೊಂಡಿದ್ದೆ,” ಅಂದಳು. “ಹಿಂದಿನ ಬಾಗಿಲ ಚಿಲಕ ಎಟುಕದೆ ದಿನಾ ಸ್ಟೂಲ್ ಹತ್ತಿ ತೆಗೀತಿದ್ದೆ. ಅದು ನಿಮಗೆ ಗೊತ್ತಾಗಿ, ನಾನೇ ಮಗೂನ ಕಳೆದೆ ಅಂತ ಸಿಟ್ಟು ಮಾಡ್ಕೊಂಡಿದ್ದೀರ ಅಂತ.”

ಅವನು ಮಾತ್ರೆಯ ಪಾಪ ಕಳೆದುಕೊಂಡು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಈಗ ಚಿಲಕದ ಪಾಪ ಬಂದು ಹೆಗಲೇರಿತ್ತು.

“ಅಯ್ಯೋ, ಆ ಮುಖ ಮಾಡ್ಬೇಡಿ. ಅದನ್ನೂ ಕೇಳ್ಕೊಂಡು ಬಂದೆ. ಸ್ಟೂಲ್ ಹತ್ತಿದ್ದಕ್ಕೆ ಬಸಿರು ಹೋಗಲ್ವಂತೆ. ಆದ್ರೆ ನೀವು ಮುಖ ತಿರುಗಿಸ್ಕೊಂಡು ನೆಲ ಒರೆಸ್ತಾ ಇದ್ರೆ ಡಾಕ್ಟ್ರ ಮಾತು ತಲೇಲಿ ಎಲ್ಲಿ ನಿಲ್ಲುತ್ತೆ?”

ಅವನು ಎದ್ದು ಅಂಗಡಿಯ ಬೀಗದಕೈ ಗೊಂಚಲು ಹುಡುಕತೊಡಗಿದ. ಅವಳು ಅವನ ಅಂಗಿಯ ತುದಿ ಹಿಡಿದು ಎಳೆದು ಕೂರಿಸಿದಳು.

“ಅಳೋದಿದ್ರೆ ಇಲ್ಲೇ ಅಳಿ. ನೀವು ಅಂಗಡೀಲಿ ಕೂತು ಅತ್ರೆ ಪಕ್ಕದ ಟೈಲರಮ್ಮಂಗೆ ಹೊಲಿಗೆ ತಪ್ಪುತ್ತಂತೆ. ದಿನಾ ಬಂದು ನಂಗೆ ಹೇಳ್ತಾಳೆ.”

ಕೀಲಿ ಉಜ್ಜುವ ಮಿಷನ್ನಿನ ಸದ್ದಿನಲ್ಲಿ ತನ್ನ ಅಳು ಯಾರಿಗೂ ಕೇಳಿಸುವುದಿಲ್ಲವೆಂದು ಅವನು ಅಷ್ಟು ದಿನವೂ ನಂಬಿದ್ದ. ಅಡುಗೆಮನೆಯಲ್ಲಿ ಯಾವ ಮಿಷನ್ನೂ ಇರಲಿಲ್ಲ. ಅವನು ಜೋರಾಗಿಯೇ ಅತ್ತ. ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅವಳೂ ಅತ್ತಳು.