ಕತ್ತಲ ಖೋಲಿಯ ಬಾಯಾರು

ಮೂರು ಮಕ್ಕಳನ್ನು ಹೆತ್ತು, ಉಣ್ಣಿಸಿ, ಬೆಳೆಸುತ್ತಿರುವವಳಿಗೆ ಅವರಿಗೆ ನಾಲ್ಕಕ್ಷರ ಕಲಿಸುವುದು ಎಷ್ಟರ ಕೆಲಸ? ದೀಪಾವಳಿ ಫರಾಳದ ತಟ್ಟೆಯ ಮುಂದೆ ಕುಳಿತು ನಾನು ಇದನ್ನು ಘೋಷಿಸಿದೆ. ಬಾಯಲ್ಲಿ ಅರ್ಧ ಚಕ್ಕಲಿ ಇದ್ದುದರಿಂದ ಎರಡನೇ ಸಲ ಘೋಷಿಸಬೇಕಾಯಿತು.

“ಹುಡುಗರ ಸಾಲಿ ಬಿಡಸ್ತೀನಿ. ಮನ್ಯಾಗ ನಾನ ಕಲಸ್ತೀನಿ.”

ಕಾರಣವಿತ್ತು. ನಮ್ಮ ಮಕ್ಕಳು ಹೋಗುತ್ತಿದ್ದ ಇಂಗ್ಲಿಷ್ ಶಾಲೆಯ ಬಸ್ಸು ಸೂರ್ಯನಿಗಿಂತ ಮುಂಚೆ ಶೇಡಬಾಳಕ್ಕೆ ಬಂದು, ಕಂಡ ಕಂಡ ಊರನ್ನೆಲ್ಲ ಸುತ್ತುತ್ತಿತ್ತು. ಕಿರಿಯ ಮಗ ಸನ್ಮತಿ ಅದರಲ್ಲಿ ನಿದ್ದೆ ಹೋಗಿ, ಡ್ರೈವರನ ಮನೆಯಲ್ಲಿ ಚಹಾ ಕುಡಿದು ಬಂದಿದ್ದ. ಹಿರಿಯ ಶ್ರೇಯಾಂಸ ಬಸ್ಸಿನಲ್ಲಿ ಕಲಿತ ಬೈಗುಳಗಳನ್ನು ಶಾಲೆಯಲ್ಲಿ ಕಲಿತ ಪದ್ಯಕ್ಕಿಂತ ಚೆನ್ನಾಗಿ ಒಪ್ಪಿಸುತ್ತಿದ್ದ. ನಡುವಿನವಳು ಪದ್ಮಾ. ಅವಳ ಬಗ್ಗೆ ದೂರೇ ಇರಲಿಲ್ಲ. ಹಾಗಾಗಿ ಅವಳ ಬಗ್ಗೆ ನಾನು ಹೆಚ್ಚು ಯೋಚಿಸಿಯೂ ಇರಲಿಲ್ಲ.

ಕಲಿಸಲು ಪಠ್ಯ ಬೇಕಲ್ಲ! ಫೋನಿನಲ್ಲಿ ಹುಡುಕಿ ಹುಡುಕಿ ಮೂರು ಬಗೆ ತರಿಸಿದೆ. ಮೊದಲನೆಯದರ ಪ್ರಕಾರ ಮಗುವಿಗೆ ಏನನ್ನೂ ಕಲಿಸಬಾರದು, ಮಣ್ಣಿನಲ್ಲಿ ಬಿಡಬೇಕು. ಎರಡನೆಯದರ ಪ್ರಕಾರ ಎಲ್ಲವನ್ನೂ ಬಾಯಿಪಾಠ ಮಾಡಿಸಬೇಕು. ಮೂರನೆಯದರ ಪ್ರಕಾರ ತಾಯಿ ನಗುತ್ತಲೇ ಇರಬೇಕು. ಯಾವುದನ್ನು ಬಿಡುವುದು? ಮೂರು ಮಕ್ಕಳಿಗೆ ಮೂರನ್ನೂ ಹಂಚಿದೆ.

ನನ್ನ ಗಂಡ ಭರತೇಶ ಬೀಜ-ಗೊಬ್ಬರದ ಅಂಗಡಿಯವರು. ಪುಸ್ತಕದ ಡಬ್ಬಿಗಳನ್ನು ನೋಡಿ ಒಂದೇ ಮಾತು ಹೇಳಿದರು. “ಮೂರು ನಮೂನಿ ಗೊಬ್ಬರ ಒಂದ ಹೊಲಕ್ಕ ಹಾಕಿದ್ರ ಬೆಳಿ ಸುಡತೈತಿ, ನೋಡ.”

ನಾನು ಮೂರನೇ ಪಠ್ಯದ ಪ್ರಕಾರ ನಕ್ಕೆ.

ಶಿರಗುಪ್ಪಿಯ ಸುನಂದಾ ವೈನಿಯವರದೂ ಇದೇ ಹುಚ್ಚು. ನಾವಿಬ್ಬರೂ ಸೇರಿ ಮಕ್ಕಳನ್ನು ಕೂಡಿಸಿ ಕಲಿಸುವುದೆಂದು ಒಪ್ಪಂದವಾಯಿತು: ಭಾಷೆ, ನಿಸರ್ಗ ನನ್ನವು, ಗಣಿತ, ಚಿತ್ರಕಲೆ ಅವರವು. ಅವರು ತಮ್ಮ ಮಕ್ಕಳನ್ನೂ ನಾದಿನಿಯ ಮಕ್ಕಳನ್ನೂ ಓಮ್ನಿ ಗಾಡಿಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಜಾಗ ಮಾತ್ರ ದೊಡ್ಡದು ಬೇಕಿತ್ತು. ಊರಿನ ಹಳೆಯ ಓಣಿಯಲ್ಲಿ ನಮ್ಮತ್ತೆಯ ತವರಿನವರ ವಾಡೆ ಖಾಲಿ ಬಿದ್ದಿತ್ತು. ಕೀಲಿ ಕೊಡುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು.

“ಪಡಸಾಲ್ಯಾಗ ಕುಂಡ್ರಸು. ಹಿಂದಿನ ಕತ್ತಲ ಖೋಲಿ ಕಡೆ ಮಾತ್ರ ಹೋಗಬ್ಯಾಡ್ರಿ.”

“ಯಾಕ್ರಿ ಅತ್ತಿ?”

“ಬ್ಯಾಡಂದ್ರ ಬ್ಯಾಡ.”

ನನ್ನ ಪಠ್ಯದಲ್ಲಿ ‘ಭಯಮುಕ್ತ ಕಲಿಕೆ’ ಎಂಬ ಅಧ್ಯಾಯವೇ ಇದೆ. ನಾನು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಚಳಿ ಶುರುವಾಗಿತ್ತು. ಬೆಳಗಿನ ಹೊತ್ತು ಕಬ್ಬಿನ ಹೊಲಗಳ ಮೇಲಿಂದ ಮಂಜು ಎದ್ದು ವಾಡೆಯ ಅಂಗಳಕ್ಕೆ ಇಳಿಯುತ್ತಿತ್ತು. ಎದುರಿನ ಕಂಬ ಕಾಣದಷ್ಟು ಮಂಜು! ಒಳಗೆ ಮೊಳ ದಪ್ಪದ ಗೋಡೆಗಳು, ಹೊಗೆ ಹಿಡಿದ ತೊಲೆಗಳು. ಪಡಸಾಲೆಯ ತುದಿಯಲ್ಲಿ ಆ ಕತ್ತಲ ಖೋಲಿಯ ಬಾಗಿಲು ತಾನಾಗಿ ಅರ್ಧ ತೆರೆದುಕೊಂಡು ನಿಲ್ಲುತ್ತಿತ್ತು. ಮುಚ್ಚಿದರೆ ಮತ್ತೆ ತೆರೆಯುತ್ತಿತ್ತು. ಹಳೆಯ ಬಾಗಿಲು, ಇಳಿಜಾರು ನೆಲ ಎಂದು ನಾನು ವೈಜ್ಞಾನಿಕವಾಗಿ ವಿವರಿಸಿದೆ. ವಿವರಿಸುವಾಗ ಬಾಗಿಲಿಗೆ ಬೆನ್ನು ಮಾಡಿ ನಿಲ್ಲಲಿಲ್ಲ, ಅಷ್ಟೇ.

ಪಡಸಾಲೆಯಲ್ಲಿ ನನ್ನ ಗುಂಪು, ಒಳ ಅಂಕಣದಲ್ಲಿ ವೈನಿಯ ಗುಂಪು; ಕೆಲಸ ಚೆನ್ನಾಗಿ ನಡೆಯಿತು. ಪ್ರಾರ್ಥನೆಯ ಹೊತ್ತಿಗೆ ತಲೆ ಎಣಿಸುತ್ತಿದ್ದೆ. ಎಲ್ಲರಿಗೂ ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿಗೆ, ಆದ್ದರಿಂದ ಕಾಣುತ್ತಿದ್ದುದು ಟೊಪ್ಪಿಗೆಗಳೇ. ಪಾಠದ ನಡುವೆಯೂ ಎಣಿಸುತ್ತಿದ್ದೆ. ಪ್ರತಿ ಸಲವೂ ಲೆಕ್ಕ ಸರಿ! ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಆಡಳಿತ ಎಂದರೆ ಇದು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನನ್ನ ಗುಂಪಿನಲ್ಲಿ ಹಿಂದೆ ಕೂರುತ್ತಿದ್ದ ಒಬ್ಬ ಹುಡುಗಿ ಮಾತ್ರ ವಿಚಿತ್ರವಾಗಿದ್ದಳು. ಮಾತಿಲ್ಲ, ಕತೆಯಿಲ್ಲ. ಮಣ್ಣಿನಾಟಕ್ಕೆ ಬಿಟ್ಟರೆ ಮೊದಲು ಹೋಗುವವಳು ಅವಳೇ, ಕೊನೆಗೆ ಬರುವವಳೂ ಅವಳೇ. ಒಂದು ದಿನ ಡಬ್ಬಿ ಬಿಚ್ಚಿದಾಗ ಮೆಲ್ಲಗೆ ಕೇಳಿದಳು.

“ಕಾಕು, ಝುಣಕದಾಗ ಉಳ್ಳಾಗಡ್ಡಿ ಹಾಕಂಗಿಲ್ಲೇನ್ರಿ?”

ನನ್ನ ಗಂಟಲಲ್ಲಿ ರೊಟ್ಟಿ ಸಿಕ್ಕಿಕೊಂಡಿತು. ನಾವು ಜೈನರು, ಉಳ್ಳಾಗಡ್ಡಿ ನಮ್ಮ ಹೊಸ್ತಿಲು ದಾಟುವುದಿಲ್ಲ. ಸುನಂದಾ ವೈನಿಯವರೂ ಜೈನರೇ, ಅದರಲ್ಲೂ ವ್ರತ-ನಿಯಮದಲ್ಲಿ ನನಗೇ ಪಾಠ ಹೇಳುವವರು. ಅವರ ಮನೆಯ ಮಗು ಉಳ್ಳಾಗಡ್ಡಿ ಕೇಳುತ್ತದೆಂದರೆ ಏನರ್ಥ? ನಾನು ಯಾರಿಗೂ ಹೇಳಲಿಲ್ಲ. ಒಳಗೊಳಗೇ ಆನಂದಪಟ್ಟೆ.

ಒಂದು ಸಂಜೆ, ಸೂರ್ಯ ಮುಳುಗುವ ಮುಂಚಿನ ಊಟ ಮುಗಿಸಿ ಪದ್ಮಾನ ತಲೆ ಬಾಚುತ್ತಿದ್ದೆ. ಅವಳು ಬಾಚಣಿಗೆಯ ಲಯಕ್ಕೆ ಗುನುಗತೊಡಗಿದಳು.

“ಒಂದು ಮುಕ್ಕಾಲು ಮುಕ್ಕಾಲು… ಎರಡು ಮುಕ್ಕಾಲು ಒಂದೂವರಿ… ಮೂರು ಮುಕ್ಕಾಲು ಎರಡೂಕಾಲು…”

ನನ್ನ ಕೈ ನಿಂತಿತು. ಮುಕ್ಕಾಲು ಮಗ್ಗಿ! ಅದು ನನಗೇ ಬರುವುದಿಲ್ಲ. ನಾನು ತರಿಸಿದ ಮೂರು ಪಠ್ಯಗಳಲ್ಲೂ ಇಲ್ಲ.

“ಇದ ಯಾರ ಕಲಸಿದ್ರವಾ?”

“ಬಾಯಾರು.” ಶಾಲೆ ಕಲಿಸುವ ಹೆಂಗಸಿಗೆ ನಮ್ಮ ಕಡೆ ಹಾಗೆನ್ನುತ್ತಾರೆ.

“ಸುನಂದಾ ಕಾಕುನೇನು?”

“ಅಲ್ಲ. ಬಿಳಿ ಸೀರಿ ಬಾಯಾರು.”

“ಎಲ್ಲಿ ಅದಾರ ಅವರು?”

“ಕತ್ತಲ ಖೋಲಿ ಆಚೆ,” ಎಂದವಳು ನಾಲಿಗೆ ಕಚ್ಚಿಕೊಂಡು, ಅರ್ಧ ಹೆಣೆದ ಜಡೆಯೊಂದಿಗೆ ಓಡಿಹೋದಳು.

ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮುಖ ಸುಣ್ಣವಾಗಿತ್ತು.

“ನಮ್ಮ ಸೋದರತ್ತಿ ಚಂದ್ರಾಬಾಯಿ,” ಎಂದರು ಪಿಸುದನಿಯಲ್ಲಿ. “ಸಣ್ಣ ವಯಸ್ಸಿನ್ಯಾಗ ಗಂಡ ಸತ್ತಿದ್ದ. ಬಿಳಿ ಸೀರಿ. ಆ ಖೋಲ್ಯಾಗ ಓಣಿ ಹುಡುಗ್ಯಾರ್ನ ಕೂಡಿಸಿ ಇದ ಮಗ್ಗಿ ಹೇಳ್ತಿದ್ಲು. ಅಲ್ಲೇ ಗ್ವಾಡಿಗೆ ಒರಗಿ ಕುಂತಾಕಿ ಕುಂತಂಗ ಜೀವ ಬಿಟ್ಲು.”

ಗಂಡನಿಗೆ ಹೇಳಿದೆ. ಅವರು ಲೆಕ್ಕದ ಮೇಲಿನ ಕಣ್ಣು ತೆಗೆಯದೆ, “ಪುಕ್ಕಟೆ ಕಲಸಾಕತ್ತಾಳಂದ್ರ ಇರ್ಲಿ ಬಿಡ,” ಎಂದರು. ನಾನು ನಗಲಿಲ್ಲ. ಮೂರನೇ ಪಠ್ಯವನ್ನು ಅಂದೇ ಕೈಬಿಟ್ಟೆ.

ಮಾರನೆಯ ಬೆಳಗು ಮಂಜು ಎಂದಿಗಿಂತ ದಟ್ಟವಾಗಿತ್ತು. ವಾಡೆಯಲ್ಲಿ ಮಕ್ಕಳಿಗೆ ‘ಮೌನ ವೀಕ್ಷಣೆ’ ಎಂಬ ಚಟುವಟಿಕೆ ಕೊಟ್ಟೆ. ನಿಜ ಹೇಳಬೇಕೆಂದರೆ ನನಗೆ ಮಾತಾಡುವ ಧೈರ್ಯವಿರಲಿಲ್ಲ. ಎಲ್ಲರೂ ಸುಮ್ಮನೆ ಕುಳಿತರು. ಆಗ ಕೇಳಿಸಿತು. ದೂರದಿಂದ, ಗೋಡೆಯ ಹೊಟ್ಟೆಯೊಳಗಿನಿಂದ ಬಂದಂತೆ, ಹಲವು ಹುಡುಗಿಯರ ದನಿ.

“ನಾಲ್ಕು ಮುಕ್ಕಾಲು ಮೂರು…”

ನನ್ನ ಮುಂದಿದ್ದ ಯಾವ ಮಗುವಿನ ತುಟಿಯೂ ಅಲ್ಲಾಡುತ್ತಿರಲಿಲ್ಲ. ನನ್ನವು ಮಾತ್ರ ಅಲ್ಲಾಡುತ್ತಿದ್ದವು; ನಮೋಕಾರ ಮಂತ್ರಕ್ಕೆ.

ಧೈರ್ಯಕ್ಕಾಗಿ ನನ್ನ ಮಗಳನ್ನು ಹುಡುಕಿದೆ. ಹಿಂದಿನ ಸಾಲಿನಲ್ಲಿ ಅವಳ ಕೆಂಪು ಸ್ವೆಟರ್ ಕಂಡಿತು. ನಾನೇ ಹೆಣೆದದ್ದು, ಒಂದು ತೋಳು ಉದ್ದ, ಒಂದು ಗಿಡ್ಡ. ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು.

“ಪದ್ಮಾ,” ಎಂದು ಕರೆದೆ.

ಅವಳು ಮೆಲ್ಲಗೆ ತಿರುಗಿದಳು. ಸ್ವೆಟರ್ ಪದ್ಮಾನದು. ಟೊಪ್ಪಿಗೆ ಪದ್ಮಾನದು. ಮುಖ ಪದ್ಮಾನದಲ್ಲ.

“ಹಾಂ, ಅವ್ವಾ,” ಎಂದಿತು ಆ ಮುಖ. ಮತ್ತು ನಕ್ಕಿತು.

ನಾನು ಕಿರುಚಲಿಲ್ಲ ಎಂದು ಇಂದಿಗೂ ಹೇಳುತ್ತೇನೆ. ಒಳ ಅಂಕಣದಲ್ಲಿ ಗಣಿತ ಹೇಳುತ್ತಿದ್ದ ಸುನಂದಾ ವೈನಿ ಕೈಯಲ್ಲಿ ಸ್ಕೇಲು ಹಿಡಿದು ಓಡಿಬಂದದ್ದು ಬೇರೆ ಯಾವುದೋ ಶಬ್ದಕ್ಕೆ ಇರಬೇಕು.

“ಏನಾತ್ರಿ?”

“ವೈನಿ, ಈಕಿ… ಈಕಿ ನಿಮ್ಮ ಗಾಡ್ಯಾಗ ಬರಾಕಿ ಅಲ್ಲೇನ್ರಿ?”

“ನನ್ನ ಗಾಡ್ಯಾಗ? ನಿಮ್ಮ ಓಣ್ಯಾಕಿ ಅಂತ ತಿಳ್ಕೊಂಡೀನಿ ನಾ!”

“ಮತ್ತ ಉಳ್ಳಾಗಡ್ಡಿ?”

“ಯಾವ ಉಳ್ಳಾಗಡ್ಡಿ?”

“ಈಕಿ ಉಳ್ಳಾಗಡ್ಡಿ ಕೇಳಿದ್ಲು. ನಿಮ್ಮ ಮನ್ಯಾಗ ಕದ್ದು ಮುಚ್ಚಿ—”

“ನಮ್ಮ ಮನ್ಯಾಗ? ಉಳ್ಳಾಗಡ್ಡಿ?” ವೈನಿಯ ಸ್ಕೇಲು ಮೇಲೆದ್ದಿತು. ದೆವ್ವದ ಎದುರಿಗೇ ನಾವಿಬ್ಬರೂ ಉಳ್ಳಾಗಡ್ಡಿಯ ವಿಷಯವಾಗಿ ಸಾಕಷ್ಟು ಹೊತ್ತು ಜಗಳವಾಡಿದೆವು. ಆ ಹೊತ್ತಿನಲ್ಲಿ ಹುಡುಗಿ ಮಾಯವಾಗಿದ್ದಳು. ಆಮೇಲೆ ನನಗೆ ಹೊಳೆಯಿತು.

“ವೈನಿ, ಪದ್ಮಾ ನಿಮ್ಮ ಗುಂಪಿನ್ಯಾಗ ಅದಾಳಲ್ರಿ?”

“ನನ್ನ ಗುಂಪಿನ್ಯಾಗ ಎಲ್ಲಿ? ಆಕಿ ಪುಸ್ತಕ ಬ್ಯಾರೆ ಐತಿ, ನಿಮ್ಮಲ್ಲಿ ಕುಂಡ್ರತಾಳಂತ ನಾ…”

ಜಗಳ, ಉಳ್ಳಾಗಡ್ಡಿ, ಪಠ್ಯ ಎಲ್ಲ ಹಾರಿಹೋದವು. ಮಗಳು ನನ್ನ ಹತ್ತಿರವೂ ಇಲ್ಲ, ಅವರ ಹತ್ತಿರವೂ ಇಲ್ಲ. ಎಷ್ಟು ದಿನಗಳಿಂದ ಇಲ್ಲ? ನನಗೆ ಗೊತ್ತಿಲ್ಲ! ಹೆತ್ತವಳಿಗೆ ಗೊತ್ತಿಲ್ಲ!

ಶ್ರೇಯಾಂಸ, ಸನ್ಮತಿ ಇಬ್ಬರೂ ನೆಲ ನೋಡುತ್ತಿದ್ದರು. ಕತ್ತಲ ಖೋಲಿಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಆ ದನಿ ಬರುತ್ತಲೇ ಇತ್ತು. ನಾನು ಹೊಕ್ಕೆ. ಹಿಂದೆ ವೈನಿ, ನನ್ನ ಸೆರಗು ಹಿಡಿದುಕೊಂಡು.

ಒಳಗೆ ಕಣ್ಣು ಇದ್ದೂ ಇಲ್ಲದಂತೆ. ಹಳೆಯ ಜೋಳದ ವಾಸನೆ, ತಣ್ಣಗಿನ ಗೋಡೆ. ಮುಖಕ್ಕೆ ಮೆತ್ತಗೆ ಏನೋ ತಗುಲಿತು. ಮೊಳೆಗೆ ನೇತುಹಾಕಿದ್ದ ಪದ್ಮಾನ ಹೂವಿನ ಓಢಣಿ. ಕೈಯಾಡಿಸುತ್ತಾ ಹೋದಂತೆ ಗೋಡೆಯಲ್ಲಿ ಮೊಣಕಾಲೆತ್ತರದಲ್ಲಿ ಒಂದು ಗೀರು ಬೆಳಕು ಕಂಡಿತು. ಒಂದು ಗಿಡ್ಡ ಬಾಗಿಲು! ಅದರಾಚೆಯೇ ದನಿ.

“ನನ್ನ ಮಗಳ ಬಿಡ!” ಎಂದು ಚೀರಿ, ಭುಜ ಕೊಟ್ಟು ತಳ್ಳಿದೆ. ಅದು ಮುಚ್ಚಿಯೇ ಇರಲಿಲ್ಲ. ನಾನು, ನನ್ನ ಮೇಲೆ ವೈನಿ, ವೈನಿಯ ಮೇಲೆ ಸ್ಕೇಲು, ಹೀಗೆ ಕ್ರಮವಾಗಿ ಒಳಗೆ ಬಿದ್ದೆವು.

ಬಿದ್ದದ್ದು ಸರಕಾರಿ ಕನ್ನಡ ಶಾಲೆಯ ತರಗತಿಯಲ್ಲಿ.

ಇಡೀ ತರಗತಿ ಎದ್ದು ನಿಂತು, “ನಮಸ್ತೇ ಬಾಯಾರ!” ಎಂದಿತು. ಯಾರೋ ಸಾಹೇಬರು ತಪಾಸಣೆಗೆ ಬಂದರೆಂದು ಅವರ ಭಾವನೆ. ಕರಿಹಲಗೆಯ ಮುಂದೆ ಬಿಳಿ ಸೀರೆಯ ಬಾಯಾರು ಇದ್ದರು, ನಿಜ. ಆದರೆ ಸೀರೆಗೆ ಸಣ್ಣ ನೀಲಿ ಹೂಗಳಿದ್ದವು, ಹೆಗಲಿಗೆ ವ್ಯಾನಿಟಿ ಬ್ಯಾಗ್ ಇತ್ತು. ಎರಡನೇ ಸಾಲಿನಲ್ಲಿ, ಸಮವಸ್ತ್ರ ತೊಟ್ಟು, ನೀಟಾಗಿ ಕೈಕಟ್ಟಿ ಪದ್ಮಾ ಕೂತಿದ್ದಳು.

ಸಂಗತಿ ಮೆಲ್ಲನೆ ಬಿಚ್ಚಿಕೊಂಡಿತು. ಶಾಲೆಯ ಬಾಗಿಲು ಆಚೆ ಬೀದಿಗೆ; ವಾಡೆಯ ಬೆನ್ನಿಗೆ ಅಂಟಿದ ಅದರ ಹಿಂದಿನ ಖೋಲಿಗಳು ಸೋರುತ್ತವೆಂದು ಬಹಳ ಕಾಲ ಬೀಗ ಬಿದ್ದಿದ್ದವು. ದೀಪಾವಳಿ ರಜೆಯಲ್ಲಿ ದುರಸ್ತಿಯಾಗಿ ಈ ತರಗತಿ ಅಲ್ಲಿಗೆ ಬಂದಿತ್ತು. ಬಾಯಾರೂ ಆಗಲೇ ವರ್ಗವಾಗಿ ಬಂದವರು. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರ ಮಗಳು ಕಸ್ತೂರಿಯೂ ಆಗಲೇ ಸೇರಿದವಳು. ಅವಳೇ ನಮ್ಮ ದೆವ್ವ. ಮೊದಲ ದಿನಗಳಲ್ಲೇ ಹುಡುಗಿಯರಿಬ್ಬರೂ ಗಿಡ್ಡ ಬಾಗಿಲಲ್ಲಿ ಭೇಟಿಯಾಗಿ, ಬಟ್ಟೆ, ಹೆಸರು, ಜಾಗ ಎಲ್ಲ ಬದಲಿಸಿಕೊಂಡಿದ್ದರು. ಬಾಯಾರಿಗೆ ಪದ್ಮಾನೇ ಕಸ್ತೂರಿ. ಎರಡೂ ಕಡೆಯ ಹುಡುಗರಿಗೆಲ್ಲ ಇದು ಗೊತ್ತಿತ್ತು. ಗೊತ್ತಿಲ್ಲದವರು ದೊಡ್ಡವರು ಮಾತ್ರ.

ಕಸ್ತೂರಿ ಗಿಡ್ಡ ಬಾಗಿಲಿನಿಂದ ಇಣುಕಿದಳು. ಬಾಯಾರು ಗದರಿದರು. “ಯಾಕ ಹೋಗಿದ್ದಿ ಅಲ್ಲಿ?”

“ಇಲ್ಲಿ ಅಭ್ಯಾಸ ಮಾಡಬೇಕಾಗತೈತ್ರಿ ಬಾಯಾರ. ಅಲ್ಲಿ ಏನೂ ಕಲಸಂಗಿಲ್ರಿ.”

ಸುನಂದಾ ವೈನಿ ಕೆಮ್ಮಿದರು.

ನಾನು ಪದ್ಮಾನ ಮುಂದೆ ಕುಕ್ಕರಿಸಿದೆ. ಬೈಯಬೇಕೆಂದೇ ಬಾಯಿ ತೆರೆದದ್ದು. “ಯಾಕವಾ ಹಿಂಗ ಮಾಡಿದಿ?”

ಅವಳು ಅಳಲಿಲ್ಲ. ದೂರುವ ಹುಡುಗಿಯೇ ಅಲ್ಲ ಅವಳು. “ನೀ ಕಾಕು ಕಡೆ ಹೋಗ ಅಂದಿ. ಕಾಕು ಅವ್ವನ ಕಡೆ ಹೋಗ ಅಂದ್ಲು. ನಾ ನಡು ನಿಂತಿದ್ನಿ. ಬಾಯಾರು, ಒಳಗ ಬಾ ಅಂದ್ರು.”

ಅವಳನ್ನು ಎದೆಗವಚಿಕೊಂಡೆ. ನನಗೆ ಅಳು ಬಂತು; ಅವಳು, “ಬಿಡವಾ, ಎಲ್ಲಾರೂ ನೋಡಾಕತ್ತಾರ,” ಎಂದಳು.

ಬಾಯಾರು ಒಳ್ಳೆಯವರು. ನನಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಗಾಬರಿ ಇಳಿಯಲೆಂದು ಮಾತಿಗೆಳೆದರು. “ಭಾಳ ಚಲೋ ಕಲೀತಾಳ್ರಿ ನಿಮ್ಮ ಮಗಳು. ನಮ್ಮಪ್ಪ ಕಲಿಸಿದ್ದ ಮಗ್ಗಿ ಹೇಳಿಕೊಟ್ರ ಎರಡ ದಿವಸದಾಗ ಬಾಯಿಪಾಠ! ಹೌದು, ತಾವೇನ್ ಮಾಡ್ತೀರಿ?”

“ನಾನಾ? ಮನ್ಯಾಗ… ಮಕ್ಕಳಿಗೆ ಕಲಸ್ತೀನ್ರಿ.”

ಬಾಯಾರು ಎರಡನೇ ಸಾಲು ನೋಡಿದರು. ನನ್ನನ್ನು ನೋಡಿದರು.

“ಯಾರಿಗ್ರಿ?”

ನಾನು ಉಳಿದ ನೀರು ಕುಡಿದೆ.

ಒಂದು ಮಾತು ಮಾತ್ರ ಇತ್ಯರ್ಥವಾಗಲಿಲ್ಲ. ಆ ಗಿಡ್ಡ ಬಾಗಿಲಿನ ಚಿಲಕ ಕತ್ತಲ ಖೋಲಿಯ ಒಳಗಡೆಯಿಂದ, ನಮ್ಮ ಕೈಗೂ ಜಗ್ಗದಷ್ಟು ತುಕ್ಕು ಹಿಡಿದು ಕೂತದ್ದು. “ತಗದವರ್ಯಾರು?” ಎಂದರೆ ಹುಡುಗಿಯರಿಬ್ಬರೂ ಮುಖ ಮುಖ ನೋಡಿಕೊಂಡು, “ನಾವು ಹೋದಾಗನ ತಗದಿತ್ತು,” ಎಂದರು. ಅತ್ತೆ ಇದನ್ನು ಕೇಳಿ ಜಪಸರ ಕೈಗೆತ್ತಿಕೊಂಡರು. ನಾನು ಮುಂದೆ ವಿಚಾರಿಸಲಿಲ್ಲ.

ಈಗ ನಮ್ಮ ಮೂವರೂ ಮುಂಬಾಗಿಲಿನಿಂದಲೇ ಆ ಶಾಲೆಗೆ ಹೋಗುತ್ತಾರೆ. ಕಸ್ತೂರಿ ದುಃಖದಿಂದ ತನ್ನ ಜಾಗಕ್ಕೆ ಮರಳಿದ್ದಾಳೆ. ಮೊನ್ನೆ ಪಾಲಕರ ಸಭೆ ಇತ್ತು. ಇಸ್ತ್ರಿ ಸೀರೆ ಉಟ್ಟು, ಗಂಭೀರವಾಗಿ ಮುಂದಿನ ಸಾಲಿನಲ್ಲಿ ಕೂತೆ. ಬಾಯಾರು ನನ್ನನ್ನು ಎಬ್ಬಿಸಿ ನಿಲ್ಲಿಸಿ, ಸಭೆಗೆ ಪರಿಚಯಿಸಿದರು.

“ಇವರ ಮುಖ ಎಲ್ಲಾರೂ ಚಂದಂಗ ನೋಡಿ ಇಟ್ಕೋರಿ. ನಿಮ್ಮ ಹುಡುಗ್ರು ಸಾಲಿ ತಪ್ಪಿಸಿದ್ರ ಮೊದಲ ಇವರ ಕಡೆ ಹೋಗಿ ಹುಡುಕ್ರಿ.”

ಎಲ್ಲರೂ ನೋಡಿದರು. ನಾನು ಕೈಮುಗಿದು ಕೂತೆ.