ಹದ್ದಿನ ಹೊಟ್ಟೆಯೊಳಗಿನ ಮೊಲ

“ನೋಡ್ರಿ ಗಿರಿಜಕ್ಕಾರ, ಇಂಥಾ ಮಷೀನು ಜಗತ್ತಿನ್ಯಾಗ ಇದೊಂದ!” ಎಂದು ರಾಚಪ್ಪ ಮಾಸ್ತರರು ಮೇಲೆ ಹೊದಿಸಿದ್ದ ಚಾದರ ಎಳೆದರು.

ನನ್ನ ಕಣ್ಣಿಗೆ ಕಂಡದ್ದು ಹಿಟ್ಟು ರುಬ್ಬುವ ಗ್ರೈಂಡರಿನ ಮೇಲೆ ಏರಿ ಕುಳಿತ ಒಂದು ಟೇಬಲ್ ಫ್ಯಾನು! ರೆಕ್ಕೆಗಳ ಜಾಗದಲ್ಲಿ ನೇರಳೆ ಬಣ್ಣದ ದೀಪ. ಕೆಳಗೆ ಹೊಲಿಗೆ ಯಂತ್ರದ ಪೆಡಲು.

ರಾಚಪ್ಪ ಮಾಸ್ತರರು ನನ್ನ ಪಕ್ಕದ ಮನೆಯವರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದರು, ನಿವೃತ್ತಿಯಾದ ಮೇಲೆ ಆ ವಿಜ್ಞಾನದ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾರೆ. ಹೋದ ವರ್ಷ ರೊಟ್ಟಿ ಬಡಿಯುವ ಯಂತ್ರ ಮಾಡಿದ್ದರು. ಅದು ರೊಟ್ಟಿ ಬಿಟ್ಟು, ನೋಡಲು ಬಂದ ಅವರ ಭಾವಮೈದುನನನ್ನು ಬಡಿದಿತ್ತು. ಅಂಥವರ ಮುಂದೆ ನಾನು ಕೈಮುಗಿದು ನಿಲ್ಲುವ ಕಾಲ ಬಂದದ್ದು ಒಂದು ಮೊಲಕ್ಕಾಗಿ.

ಅದನ್ನು ಹೇಳಬೇಕಾದರೆ ಗದಗಿನ ನಮ್ಮ ಕಾಲೇಜಿನ ಬಾವುಟದ ವಿಷಯ ಹೇಳಬೇಕು. ಹುಡುಗಿಯರ ಖೋ ಖೋ ತಂಡ ಮೊದಲ ಸಲ ಗೆದ್ದದ್ದು ಈ ಬಾವುಟ ಹಿಡಿದು. ಇದನ್ನು ಬಿಟ್ಟರೆ ಸೋಲು ಗ್ಯಾರಂಟಿ ಎಂಬ ನಂಬಿಕೆ. ಆದರೆ ಪ್ರಿನ್ಸಿಪಾಲರು ಬದಲಾದಾಗಲೆಲ್ಲ ತಂಡದ ಲಾಂಛನವೂ ಬದಲಾಗಲೇಬೇಕು, ಅದು ಅವರ ಹಟ! ಹೀಗಾಗಿ ಹಳೆಯ ಚಿತ್ರದ ಮೇಲೆಯೇ ಬಣ್ಣ ಬಳಿದು ಹೊಸ ಪ್ರಾಣಿ ಬರೆಸುತ್ತ ಬಂದರು. ಐವತ್ತು ವರ್ಷಗಳಲ್ಲಿ ಬಾವುಟ ಲಾರಿಗೆ ಹೊದಿಸುವ ತಾಡಪತ್ರಿಯಷ್ಟು ದಪ್ಪವಾಗಿದೆ. ಈಗ ಮೇಲಿರುವುದು ಹದ್ದು. ಎಲ್ಲಕ್ಕೂ ಕೆಳಗಿರುವುದು ನಮ್ಮ ಕಾಶವ್ವ ಬರೆದ ಮೊಲ.

ಮೊದಲ ತಂಡಕ್ಕೆ ನಾನು ಕ್ಯಾಪ್ಟನ್. ಕಾಶವ್ವ ನನ್ನ ಜೀವದ ಗೆಳತಿ. “ಹುಲಿ ಬ್ಯಾಡ, ಸಿಂಹ ಬ್ಯಾಡ. ಖೋ ಖೋದಾಗ ಕೈಗೆ ಸಿಗದವರ ಗೆಲ್ಲೂದು. ಮೊಲಾನ ಇರ್ಲಿ” ಎಂದವಳು ಅವಳೇ. ಎಲ್ಲಿಂದಲೋ ಬಟ್ಟೆ ತಂದು, ಎರಡೂ ಬದಿ ಬಿಳಿ ಬಣ್ಣ ಬಳಿದು, ಒಂದು ಮೊಲ ಬರೆದಳು. ಫೈನಲ್ ಆಡಿ ಎರಡು ವಾರಕ್ಕೆ ಅವಳ ಮದುವೆಯಾಯಿತು, ಸೊಲ್ಲಾಪುರದ ಕಡೆ ಹೋದಳು. ಎರಡು ವರ್ಷದ ಮೇಲೆ, ಹೆರಿಗೆಯಲ್ಲಿ ಹೋದಳೆಂದು ಸುದ್ದಿಯಷ್ಟೇ ಬಂತು. ಅವಳದೊಂದು ಫೋಟೋ ಕೂಡ ನನ್ನ ಬಳಿ ಇಲ್ಲ. ಅವಳು ಬೆನ್ನ ಮೇಲೆ ಕೊಟ್ಟ ಖೋ ಈಗಲೂ ಒಮ್ಮೊಮ್ಮೆ ತಾಕಿದಂತಾಗಿ ತಿರುಗಿ ನೋಡುತ್ತೇನೆ. ನನಗೀಗ ಅರವತ್ತೊಂಬತ್ತು. ಆ ಮೊಲವನ್ನು ಒಂದೇ ಒಂದು ಸಲ ನೋಡಬೇಕಿತ್ತು, ಅಷ್ಟೇ.

ಈಗ ತಂಡಕ್ಕೆ ಐವತ್ತು ತುಂಬಿದೆಯೆಂದು ಸಂಭ್ರಮ. ಪ್ರಿನ್ಸಿಪಾಲ ಹಿರೇಗೌಡರರು ಹದ್ದಿನ ಮೇಲೆ ರಾಕೆಟ್ಟು ಬರೆಸಲು ಪೇಂಟರನಿಗೆ ಹೇಳಿಯಾಗಿತ್ತು. ನಾನು ಕಾಡಿ ಬೇಡಿ ಅದಕ್ಕೆ ಮುಂಚೆ ಅರ್ಧ ತಾಸು ಕೇಳಿಕೊಂಡಿದ್ದೆ. ಕಾಲೇಜಿನ ಹಾಲಿನಲ್ಲಿ ನಾವು ನಾಲ್ವರೇ ಇದ್ದೆವು: ನಾನು, ಮಾಸ್ತರರು, ಪ್ರಿನ್ಸಿಪಾಲರು, ಈಗಿನ ಕ್ಯಾಪ್ಟನ್ ಶಬಾನಾ. ಪ್ರೈಮರಿ ಶಾಲೆಯಲ್ಲಿ ಅವಳಿಗೆ ಅಕ್ಷರ ಕಲಿಸಿದವಳು ನಾನೇ.

“ಮಾಸ್ತರ, ಬಣ್ಣಕ್ಕ ಧಕ್ಕಿ ಆಗಬಾರದು ಮತ್ತ!” ಎಂದರು ಪ್ರಿನ್ಸಿಪಾಲರು.

“ಛೇ ಛೇ! ಈ ಬೆಳಕು ಬಿದ್ರ ಮ್ಯಾಲಿನ ಬಣ್ಣಕ್ಕ ನಾಚಿಕಿ ಬರತೈತ್ರಿ. ತಾನಾ ಸರಕೊಂಡು ಕೆಳಗಿಂದಕ್ಕ ಜಾಗಾ ಕೊಡತೈತಿ. ಕಡೀಗೆ ಉಲ್ಟಾ ತಿರುಗಿಸಿದ್ರ ಎಲ್ಲಾ ವಾಪಸ್ ಬರತಾವು.”

“ಭಾವಮೈದುನನ ಹಲ್ಲು ವಾಪಸ್ ಬಂತೇನ್ರಿ?” ಎಂದೆ ನಾನು.

“ಅಕ್ಕಾರ, ಶುಭಕಾರ್ಯದಾಗ ಅದನ್ನ ಯಾಕ ತಗೀತೀರಿ!” ಎಂದು ಮುಖ ಊದಿಸಿಕೊಂಡು ಪೆಡಲು ತುಳಿದರು.

ಗ್ರೈಂಡರು ಗುರುಗುಟ್ಟಿತು. ನೇರಳೆ ಬೆಳಕು ಬಾವುಟದ ಮೇಲೆ ಬಿತ್ತು. ಹದ್ದು ಒಮ್ಮೆ ನಡುಗಿತು, ಅಂಚಿನಿಂದ ಮೆಲ್ಲಗೆ ಮಸುಕಾಗುತ್ತ ಬಂತು, ಕೆಳಗಿನಿಂದ ಸಿಂಹ ಎದ್ದಿತು! ಸಿಂಹಕ್ಕೆ ಮೀಸೆ ಬೇರೆ! ಆ ಕಾಲದ ಪ್ರಿನ್ಸಿಪಾಲರನ್ನು ಮೆಚ್ಚಿಸಲು ಪೇಂಟರ ಅವರದೇ ಮೀಸೆ ಬರೆದಿದ್ದ.

“ಶಭಾಷ್!” ಎಂದು ಹಿರೇಗೌಡರರೇ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಯಂತ್ರ ಕತ್ತು ಹೊರಳಿಸಿತು. ಫ್ಯಾನಿನ ಕತ್ತು ತಿರುಗದಂತೆ ಹಿಂದೆ ಒಂದು ಗುಬುಟು ಇರುತ್ತದಲ್ಲ, ಮಾಸ್ತರರು ಅದನ್ನು ಎಳೆಯುವುದನ್ನೇ ಮರೆತಿದ್ದರು! ಬೆಳಕು ಎಡಕ್ಕೆ ಹೊರಟಿತು, ಗೋಡೆಯ ಮೇಲೆ ಹರಿಯಿತು. ಗೋಡೆಯ ಕೆನೆಬಣ್ಣ ಸರಿದು ಹಸಿರು ಬಂತು, ಹಸಿರು ಸರಿದು ‘ಎರಡೇ ಸಾಕು’ ಎಂಬ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಹೊಳೆಯಿತು.

ಮುಂದೆ ಬೆಳಕು ಪ್ರಿನ್ಸಿಪಾಲರ ತಲೆಯ ಮೇಲೆ ಬಿತ್ತು. ಕಪ್ಪು ಕೂದಲು ಮೆಹಂದಿಯ ಕೆಂಪಾಯಿತು. ಕೆಂಪು ಹೋಗಿ ಬೆಳ್ಳಗಾಯಿತು, ಅರಳಿದ ಹತ್ತಿಯ ಹಾಗೆ!

“ಸರ್, ನಿಮ್ಮ ತಲಿ…” ಎಂದ ಶಬಾನಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು.

“ಏನಾತು ನನ್ನ ತಲೀಗೆ?” ಎಂದು ಅವರು ಮೊಬೈಲಿನಲ್ಲಿ ಮುಖ ನೋಡಿಕೊಂಡರು. “ಮಾಸ್ತರ! ನಿಂದ್ರಸ್ರೀ! ನಾಳೆ ಎಂಎಲ್‌ಎ ಬರಾವ್ರದಾರ!”

“ಪೆಡಲು ಸಿಕ್ಕೊಂಡೈತ್ರಿ! ತಾನಾ ತಿರಗಾಕತ್ತೈತಿ!” ಎಂದು ಮಾಸ್ತರರು ಒಂದು ಕಾಲಿನಲ್ಲಿ ಕುಣಿಯುತ್ತಿದ್ದರು. ಇನ್ನೊಂದು ಕಾಲು ಪೆಡಲಿನಡಿ ಸಿಕ್ಕಿತ್ತು.

ಕತ್ತು ಮತ್ತೆ ಬಾವುಟದ ಕಡೆ ಬಂತು. ಸಿಂಹದ ಕೇಸರ ಹೋಗಿ ಹುಲಿಯ ಪಟ್ಟೆ ಬಂತು. ಪಟ್ಟೆ ಹೋಗಿ ಬೆಕ್ಕು ಬಂತು. ನನಗೆ ಗೊತ್ತು, ಬೆಕ್ಕಾದ ಮೇಲೆ ಮೊಲವೇ! ಎರಡನೆಯ ಪ್ರಿನ್ಸಿಪಾಲರು ಮೊಲದ ಕಿವಿ ಕತ್ತರಿಸಿ ಅದನ್ನೇ ಬೆಕ್ಕು ಮಾಡಿಸಿದ್ದರು. ಬಾ ಕಾಶವ್ವಾ, ಬಾರೇ, ಎನ್ನುತ್ತಿದ್ದೆ ಮನಸ್ಸಿನಲ್ಲಿ.

ಅಷ್ಟರಲ್ಲಿ ಬೆಳಕು ಬಲಕ್ಕೆ ಹೊರಳಿ ನನ್ನ ಮೇಲೇ ಬಿತ್ತು. ಕೊರಳಲ್ಲಿದ್ದ ನಾಲ್ಕೆಳೆಯ ಬಂಗಾರದ ಸರ ನೋಡನೋಡುತ್ತಿದ್ದಂತೆ ಹಿತ್ತಾಳೆಯಾಯಿತು!

“ಅಯ್ಯ, ಅಕ್ಕಾರ, ಬಂಗಾರ ಅಂದಿದ್ರಿ?” ಎಂದರು ಮಾಸ್ತರರು, ಕಾಲು ಸಿಕ್ಕಿಕೊಂಡಿದ್ದರೂ.

ನನಗೆ ಎಲ್ಲಿತ್ತೋ ಸಿಟ್ಟು! ಅವರ ಕಡೆ ತಿರುಗಿ, “ನಿಮ್ಮ ಮಷೀನಿಗೆ ಬೆಂಕಿ ಬೀಳ್ಲಿ! ಮಂದಿ ಮರ್ಯಾದಿ ತಗಿಯಾಕ ಹುಟ್ಟಿದ ಮಷೀನು! ನೀವೂ ನಿಮ್ಮ ಇಜ್ಞಾನನೂ…” ಎಂದು ಶುರು ಮಾಡಿದೆ. ನನ್ನ ಬಾಯಿ ಒಮ್ಮೆ ಹೊರಟರೆ ಹುಬ್ಬಳ್ಳಿ ದಾಟಿಯೇ ನಿಲ್ಲುವುದು. ಬೆಳಕು ಮತ್ತೆ ಬಾವುಟಕ್ಕೆ ಮರಳಿದ್ದನ್ನೂ ನಾನು ನೋಡಲಿಲ್ಲ.

“ಟೀಚರ್! ಮೊಲ!” ಎಂದು ಶಬಾನಾ ಕಿರುಚಿದಳು.

ತಿರುಗಿದೆ. ಆಗಲೇ ಹೋಗಿತ್ತು. ಬಾವುಟದ ಮೇಲೆ ಬರೀ ಬಿಳಿ ಬಣ್ಣವಿತ್ತು, ಅದೂ ಅಂಚಿನಿಂದ ಕರಗುತ್ತಿತ್ತು.

“ಉಲ್ಟಾ ತಿರುಗಿಸ್ರಿ! ಮಾಸ್ತರ, ನಿಮ್ಮ ಕಾಲಿಗೆ ಬೀಳ್ತೇನಿ, ಉಲ್ಟಾ ತಿರುಗಿಸ್ರಿ!”

“ಉಲ್ಟಾ ಸ್ವಿಚ್ಚು… ಅದನ್ನ ಮುಂದಿನ ವಾರ ಹಾಕಾಂವ ಇದ್ದೆ ಅಕ್ಕಾರ” ಎಂದರು ಅವರು, ಇರುವೆಯ ದನಿಯಲ್ಲಿ.

ನಾನು ನೆಲದ ಮೇಲೆ ಕುಳಿತುಬಿಟ್ಟೆ. ಐವತ್ತು ವರ್ಷ ಕಾದವಳು ಒಂದು ಹಿತ್ತಾಳೆ ಸರಕ್ಕಾಗಿ ಜಗಳವಾಡಿ ಮೊಲವನ್ನು ಕಳೆದುಕೊಂಡೆ. ಶಬಾನಾಳ ಕೈ ಹಿಡಿದು, “ಹೆಂಗಿತ್ತು ಅದು? ಹೇಳವ್ವಾ” ಎಂದು ಕೇಳಿದೆ.

“ಒಂದು ಕಿವಿ ಮಡಚಿತ್ತು ಟೀಚರ್. ಹಿಂದಕ್ಕ ಹೊಳ್ಳಿ ನೋಡಾಕತ್ತಿತ್ತು. ನಗಾಕತ್ತಿತ್ತು ಅನಸ್ತೈತಿ.”

ಪ್ರಿನ್ಸಿಪಾಲರು ಓಡಿಹೋಗಿ ಪ್ಲಗ್ಗು ಕಿತ್ತರು. ಆದರೆ ಬಿಳಿ ಬಣ್ಣವೂ ಅಷ್ಟರಲ್ಲಿ ಪೂರ್ತಿ ಸರಿದು ಕೆಳಗಿನ ಬಟ್ಟೆ ಕಾಣುತ್ತಿತ್ತು. ಹಸಿರು ಇಳಕಲ್ ಸೀರೆ, ಕೆಂಪು ದಡಿ.

ಅದು ಕಾಶವ್ವನ ನಿಶ್ಚಯದ ಸೀರೆ! ಗಂಡಿನ ಕಡೆಯವರು ಉಡಿಸಿದ್ದು. ಅವಳ ಪಕ್ಕದಲ್ಲಿ ಕುಳಿತು ನಾನೇ ನಿರಿಗೆ ಸರಿಮಾಡಿದ್ದೆ. ಮದುವೆಯ ಹಿಂದಿನ ದಿನ ಆ ಸೀರೆ ಕಾಣೆಯಾಗಿ ಬೀಗರು ರಂಪ ಮಾಡಿದ್ದರು. ಮನೆಮಂದಿಯೆಲ್ಲ ಹುಡುಕಿದ್ದೆವು. ನಮ್ಮ ಜೊತೆ ಕಾಶವ್ವನೂ ಮಂಚದ ಕೆಳಗೆ ಬಗ್ಗಿ, “ಎಲ್ಲಿ ಹೋತವ್ವಾ ಇದು” ಎಂದು ಹುಡುಕಿದ್ದಳು! ಕಳ್ಳಿ! ಆಗಲೇ ಅದನ್ನು ಕತ್ತರಿಸಿ, ನಮ್ಮ ಬಾವುಟ ಮಾಡಿ, ಗೆಲ್ಲಿಸಿಯೂ ಆಗಿತ್ತು. ನನಗೂ ಒಂದು ಮಾತು ಹೇಳಲಿಲ್ಲ.

ನಾನು ಆ ಬಟ್ಟೆಗೆ ಮುಖ ಒತ್ತಿ ಅತ್ತೆ. ನಗುವೂ ಬಂತು. ಮಾಸ್ತರರು ಪೆಡಲಿನಿಂದ ಕಾಲು ಬಿಡಿಸಿಕೊಂಡು ಕುಂಟುತ್ತ ಬಂದು, “ತಪ್ಪಾತು ಅಕ್ಕಾರ” ಎಂದರು. ಅವರನ್ನು ಬೈಯಲು ಬಾಯಿ ತೆರೆದವಳು, ಬೈಗುಳ ಬಿಟ್ಟು ಅವರಿಗೆ ಕೂಡಲು ಪಕ್ಕದಲ್ಲಿ ಜಾಗ ಮಾಡಿದೆ.

ಪೇಂಟರನು ಸಂಜೆ ರಾಕೆಟ್ಟು ಬರೆಯಲು ಡಬ್ಬಿ ಹಿಡಿದು ಬಂದ. ನಾನೂ ಶಬಾನಾಳೂ ಬಾಗಿಲಲ್ಲಿ ನಿಂತೆವು. ಪ್ರಿನ್ಸಿಪಾಲರು ನಮ್ಮಿಬ್ಬರ ಮುಖ ನೋಡಿದರು, ತಲೆಗೆ ಟೋಪಿ ಹಾಕಿಕೊಂಡರು, ಪೇಂಟರನನ್ನು ವಾಪಸ್ಸು ಕಳಿಸಿದರು.

ಈಗ ನಮ್ಮ ತಂಡದ ಲಾಂಛನ ಅದೇ, ಹಸಿರು ಸೀರೆ ಕೆಂಪು ದಡಿ. ಎದುರು ತಂಡದ ಹುಡುಗಿಯರು ಅದನ್ನು ಕಂಡು ಹೆದರುವುದಂತೂ ಇಲ್ಲ. ಹತ್ತಿರ ಬಂದು ಮುಟ್ಟಿ, ಯಾವ ಅಂಗಡಿಯದು ಎಂದು ಕೇಳುತ್ತಾರೆ.