ಯಾಸುಜಿಯ ಪಾಲಿನ ಚಾಕೊಲೇಟು

ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಎಂದು ಮೊರಿಹಿಕೊಗೆ ಗೊತ್ತಿತ್ತು. ಗೊತ್ತಿದ್ದೂ ಪಡುತ್ತಿದ್ದ. ಪಡದೆ ಏನು ಮಾಡಬೇಕು? ಫೆಬ್ರವರಿ ಹದಿನಾಲ್ಕರಂದು, ಅಕಿತಾ ಊರಿನ ಹೆಂಗಸರೆಲ್ಲ ತಮ್ಮ ತಮ್ಮ ಗಂಡಸರಿಗೆ ಚಾಕೊಲೇಟು ಕೊಡುವ ಆ ಶುಭದಿನ, ಅವನ ಹೆಂಡತಿ ಚಿಯೋ ಬೆಳಿಗ್ಗೆಯಿಂದ ಒಲೆ ಮುಂದೆ ನಿಂತು ಕೈಯಾರೆ ಚಾಕೊಲೇಟು ಮಾಡಿ, ಹಿರಿಯರ ಗೂಡಿನಲ್ಲಿದ್ದ ತನ್ನ ಮೊದಲ ಗಂಡ ಯಾಸುಜಿಯ ಪಟದ ಮುಂದೆ ಇಡುತ್ತಿದ್ದಳು. ಎರಡನೆಯ ಗಂಡನಾದ ಮೊರಿಹಿಕೊಗೆ ಸಿಗುತ್ತಿದ್ದುದು ಅಂಗಡಿಯ ಒಂದು ಬಿಲ್ಲೆ. (ಅವಳ ಆಫೀಸಿನ ಮ್ಯಾನೇಜರಿಗೂ ಅದೇ ಬಿಲ್ಲೆ. ಮರ್ಯಾದೆಗೆ ಕೊಡುವ ಬಿಲ್ಲೆ.)

ಈ ಸಲ ಅವಳು ಅಂಗಳದ ಹಿಮ ಸರಿಸಲು ಹೋದದ್ದೇ ತಡ, ಅವನು ಗೂಡಿನ ಮುಂದೆ ಮಂಡಿಯೂರಿ ತಟ್ಟೆಗೆ ಕೈ ಹಾಕಿದ. ಎಡೆಯಿಟ್ಟದ್ದನ್ನು ಆಮೇಲೆ ಮನೆಯವರೇ ತಿನ್ನುವುದು ವಾಡಿಕೆ. ಇವನು ಊದುಬತ್ತಿ ಆರುವವರೆಗೆ ಕಾಯಲಿಲ್ಲ, ಅಷ್ಟೇ. ಎರಡನೆಯದಕ್ಕೆ ಕೈ ಚಾಚಿದಾಗ ಗೂಡಿನೊಳಗಿನ ಕಂಚಿನ ಗಂಟೆ, ಯಾರೂ ಬಡಿಯದೆ, ಟಿಣ್ ಎಂದಿತು. ಆದರೂ ಹೊಟ್ಟೆಕಿಚ್ಚಿನವನು ತಟ್ಟೆ ಖಾಲಿ ಮಾಡಿಯೇ ಎದ್ದ.

ಚಿಯೋ ಒಳಗೆ ಬಂದು, ತಟ್ಟೆ ನೋಡಿ, ಅಲ್ಲೇ ಕುಸಿದು ಕೂತಳು.

"ಅದು... ಏನಾಯ್ತು ಅಂದ್ರೆ..."

"ಸುಮ್ನಿರಿ. ಅವ್ರು ಬಂದು ತಿಂದಿದ್ದಾರೆ." ಅವಳ ಕಣ್ಣು ತುಂಬಿತ್ತು. "ಗಂಟೆ ಸದ್ದು ಅಂಗಳಕ್ಕೂ ಕೇಳಿಸ್ತು ಕಣ್ರೀ."

ಮೊರಿಹಿಕೊ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. (ತುಟಿ ಒರೆಸಿಕೊಳ್ಳಲೂ ಅನುಕೂಲವಾಯಿತು.)

"ತಿಂದ್ಮೇಲೆ ಮುಯ್ಯಿ ಬರಲೇಬೇಕು. ಮಾರ್ಚ್ ಹದಿನಾಲ್ಕಕ್ಕೆ ಕೊಟ್ಟೇ ಕೊಡ್ತಾರೆ ನೋಡ್ತಿರಿ. ಬದುಕಿದ್ದಾಗ ಒಂದು ವರ್ಷನೂ ತಪ್ಪಿಸಿದವ್ರಲ್ಲ."

(ಹೆಂಗಸರ ಚಾಕೊಲೇಟಿಗೆ ಗಂಡಸರು ಸಿಹಿ ಕೊಟ್ಟು ಮುಯ್ಯಿ ತೀರಿಸುವ ದಿನ ಅದು.) ಮುಯ್ಯಿ ಬರದಿದ್ದರೆ ಅವಳ ಎದೆ ಒಡೆಯುತ್ತದೆ. ತಿಂದವನು ಯಾರೆಂದು ತಿಳಿದರೆ ಇವನ ಸಂಸಾರವೇ ಒಡೆಯುತ್ತದೆ. ಮಾರ್ಚ್ ಹದಿಮೂರರ ಸಂಜೆ ಅವನು ಮುಯ್ಯಿ ಕೊಳ್ಳುವ ಗಂಡಸರ ಸಾಲಿನಲ್ಲಿ ನಿಂತು, ಹಾಲಿನ ಮಿಠಾಯಿಯ ಡಬ್ಬಿ ತಂದು, ಕದ್ದು ಗೂಡಿನಲ್ಲಿಟ್ಟು ಕೈಮುಗಿದ. "ನಿಮ್ಮ ಹೆಸರಲ್ಲೇ ಕೊಡ್ತಿದ್ದೀನಿ. ದಯವಿಟ್ಟು ಸಹಕರಿಸಿ."

ಮರುದಿನ ಬೆಳಿಗ್ಗೆ ಚಿಯೋ ಡಬ್ಬಿ ಬಿಚ್ಚಿ, ಒಂದನ್ನು ಬಾಯಿಗೆ ಹಾಕಿಕೊಂಡು ಗಳಗಳನೆ ಅತ್ತಳು.

"ಯುಜು ನಿಂಬೆಯ ಮಿಠಾಯಿ. ಅವ್ರು ತರ್ತಿದ್ದದ್ದೇ ಇದು. ಆ ಅಂಗಡಿ ಮುಚ್ಚಿ ಎಷ್ಟು ವರ್ಷ ಆಯ್ತು."

ಮೊರಿಹಿಕೊ ಬಗ್ಗಿ ನೋಡಿದ. ಡಬ್ಬಿ ಅವನು ತಂದದ್ದೇ. ಒಳಗೆ ಬಿಳಿಯದು ಒಂದೂ ಇರಲಿಲ್ಲ, ಎಲ್ಲವೂ ಹಳದಿ.

ಚಿಯೋ ಕಣ್ಣೊರೆಸಿಕೊಂಡು ಅವನ ಮುಂದೆ ಅಂಗೈ ಚಾಚಿದಳು. "ಎಲ್ಲಿ, ನಿಮ್ದು?"

"ನಂದಾ?"

"ಬಿಲ್ಲೆ ಕೊಟ್ಟಿರ್ಲಿಲ್ವಾ ನಾನು? ಅದರ ಮುಯ್ಯಿ."

ಸತ್ತವನ ಮುಯ್ಯಿಯ ಗಡಿಬಿಡಿಯಲ್ಲಿ ಸ್ವಂತ ಮುಯ್ಯಿಯನ್ನೇ ಮರೆತಿದ್ದ ಮಹಾಶಯ ನೆಲ ನೋಡಿದ.

"ಸತ್ತೋರೇ ನೆನಪಿಟ್ಕೊಂಡು ಕೊಡ್ತಾರೆ. ಉಸಿರಾಡ್ಕೊಂಡಿರೋ ನಿಮಗೇನ್ರೀ ಬಂದಿತ್ತು? ಹೋಗಿ, ಅವ್ರಿಗೊಂದು ನಮಸ್ಕಾರ ಹಾಕಿ, ಸ್ವಲ್ಪ ಬುದ್ಧಿ ಕೊಡಿ ಅಂತ ಕೇಳ್ಕೊಳ್ಳಿ."

ಮೊರಿಹಿಕೊ ಪಟದ ಮುಂದೆ ಹಣೆಯನ್ನು ನೆಲಕ್ಕೆ ಮುಟ್ಟಿಸಿದ. ಗೂಡಿನೊಳಗಿಂದ, ಅವನೊಬ್ಬನಿಗೇ ಕೇಳುವಂತೆ, ತಗ್ಗಿದ ದನಿಯೊಂದು ಬಲು ವಿನಯದಿಂದ ವಿಚಾರಿಸಿತು:

"ಚಾಕೊಲೇಟು ಚೆನ್ನಾಗಿತ್ತೇನಪ್ಪಾ?"